ಎಲ್ಲಿ ನಿಂತು ಅಳೆದೆ?

ಕಂಪನಿ ನನ್ನನ್ನು ಎರಡು ವರ್ಷ ಆನ್‌ಸೈಟ್ ಅಂತ ಅಮೆರಿಕದ ಒಹಾಯೋ ರಾಜ್ಯಕ್ಕೆ ಕಳಿಸಿತ್ತು. ನಮ್ಮ ಅಪಾರ್ಟ್‌ಮೆಂಟಿನಿಂದ ಎರಡು ಬೀದಿ ಆಚೆ ಹಾಸನದ ಕಡೆಯವರೊಬ್ಬರಿದ್ದರು, ಅಲ್ಲಿಗೆ ಹೋಗಿ ಇಪ್ಪತ್ತು ವರ್ಷವಾದವರು. ನಾನು ಅವರನ್ನ ಅಣ್ಣ ಅಂತಿದ್ದೆ. ಅವರು ನನ್ನನ್ನ 'ಏನಪ್ಪಾ ಇಂಜಿನಿಯರೇ' ಅಂತ ಕರೀತಿದ್ದರು. ಅವರೂ ಇಂಜಿನಿಯರೇ ಅನ್ನೋದು ಬೇರೆ ಮಾತು.

ಅವರ ಮಗನಿಗೆ ಹದಿನೇಳು ವರ್ಷ. ಹೈಸ್ಕೂಲಿನ ಬೇಸ್‌ಬಾಲ್ ತಂಡದಲ್ಲಿ ಪಿಚರ್. ನಮ್ಮ ಕ್ರಿಕೆಟ್ಟಿನ ಬೌಲರ್ ಇದ್ದಹಾಗೆ ಅಂದುಕೊಳ್ಳಿ, ಆದರೆ ಚೆಂಡು ನೆಲಕ್ಕೆ ಬೀಳಲ್ಲ, ಓಡಿ ಬರೋದೂ ಇಲ್ಲ. ಒಂದು ಸಣ್ಣ ದಿಬ್ಬದ ಮೇಲೆ ನಿಂತು ಅರವತ್ತು ಅಡಿ ಆರು ಇಂಚು, ಅಂದರೆ ಹದಿನೆಂಟೂವರೆ ಮೀಟರ್ ಹತ್ತಿರ ದೂರಕ್ಕೆ ಎಸೀಬೇಕು. ಏಪ್ರಿಲ್‌ನ ಒಂದು ಶನಿವಾರ ಅಣ್ಣ ನನ್ನ ಕೈಗೆ ಹೇರ್ ಡ್ರೈಯರ್ ಥರದ್ದೊಂದು ಯಂತ್ರ ಕೊಟ್ಟರು. ರಾಡಾರ್ ಗನ್. "ನಾನು ಹಿಡಿದ್ರೆ ಕೈ ನಡುಗುತ್ತೆ ಕಣಪ್ಪಾ, ಮಗ ನೋಡು. ನೀನು ಹಿಡಿ, ನಂಬರ್ ಬರ್ಕೊ" ಅಂದರು.

ನಂಬರ್ ಯಾಕೆ ಅಂದರೆ, ಕಾಲೇಜಿನ ಸ್ಕಾಲರ್‌ಶಿಪ್. ಗಂಟೆಗೆ 90 ಮೈಲಿ (145 ಕಿಲೋಮೀಟರ್) ದಾಟಿದರೆ ಕೋಚ್‌ಗಳು ತಾವಾಗೇ ಫೋನ್ ಮಾಡ್ತಾರೆ, ಅದಕ್ಕಿಂತ ಕಡಿಮೆ ಆದರೆ ಇಮೇಲ್ ಕೂಡ ತೆರೆಯಲ್ಲ ಅನ್ನೋದು ಅಣ್ಣನ ಲೆಕ್ಕ.

ಅವತ್ತು ಆಟದುದ್ದಕ್ಕೂ ಗನ್ ತೋರಿಸಿದ್ದು 85, 86, 87. ಒಂದು ಸಲವೂ 88 ಬರಲಿಲ್ಲ. ಅಣ್ಣನ ಮುಖ ಸಣ್ಣದಾಯ್ತು. ನೋಡೋಕಾಗದೆ ನಾನು ಬಾಯಿಬಿಟ್ಟೆ. "ಅಣ್ಣಾ, ಇದು ಕಡಿಮೆ ತೋರಿಸ್ತಿದೆ. ನಾವು ಪಕ್ಕದಲ್ಲಿ ಕೂತಿದೀವಲ್ಲ, ಅದಕ್ಕೆ."

ಆ ಮಾತು ಸುಳ್ಳಲ್ಲ. ರಾಡಾರ್ ಗನ್ ಕೆಲಸ ಮಾಡೋದು ಡಾಪ್ಲರ್ ತತ್ವದ ಮೇಲೆ. ಗನ್ ಒಂದು ರೇಡಿಯೋ ಅಲೆ ಕಳಿಸುತ್ತೆ, ಅದು ಚೆಂಡಿಗೆ ಬಡಿದು ವಾಪಸ್ ಬರುತ್ತೆ. ಚೆಂಡು ನಮ್ಮ ಕಡೆ ಬರ್ತಿದ್ದರೆ ವಾಪಸ್ ಬಂದ ಅಲೆಯ ಕಂಪನ ಸ್ವಲ್ಪ ಹೆಚ್ಚಿರುತ್ತೆ. 24 ಗಿಗಾಹರ್ಟ್ಸ್‌ನ ಗನ್ ಆದರೆ ಗಂಟೆಗೆ ಒಂದು ಮೈಲಿ ವೇಗಕ್ಕೆ ಹೆಚ್ಚು ಕಡಿಮೆ 72 ಹರ್ಟ್ಸ್ ವ್ಯತ್ಯಾಸ. ಆದರೆ ಗನ್‌ಗೆ ಕಾಣೋದು ಚೆಂಡು ತನ್ನ ಕಡೆಗೆ ಎಷ್ಟು ವೇಗವಾಗಿ ಬರ್ತಿದೆ ಅನ್ನೋದು ಮಾತ್ರ. ಚೆಂಡಿನ ದಾರಿಗೂ ಗನ್ನಿನ ನೋಟಕ್ಕೂ ನಡುವೆ ಕೋನ ಇದ್ದರೆ, ನಿಜವಾದ ವೇಗವನ್ನ ಆ ಕೋನದ ಕೊಸೈನ್‌ನಿಂದ ಗುಣಿಸಿದಷ್ಟೇ ಅದಕ್ಕೆ ಕಾಣುತ್ತೆ. 10 ಡಿಗ್ರಿ ಪಕ್ಕಕ್ಕಿದ್ದರೆ 90ರ ಚೆಂಡು 88.6 ಆಗುತ್ತೆ. 20 ಡಿಗ್ರಿ ಆದರೆ ಎಂಬತ್ತೈದಕ್ಕೂ ಕಡಿಮೆ. ಪಿಯುಸಿಯಲ್ಲಿ ಓದಿದ್ದೇ, ಹೊಸದೇನಲ್ಲ.

ಇದರಲ್ಲಿ ಒಂದು ವಿಚಿತ್ರ ನೋಡಿ. ಕೊಸೈನ್ ಯಾವತ್ತೂ ಒಂದಕ್ಕಿಂತ ಹೆಚ್ಚಾಗಲ್ಲ. ಹಾಗಾಗಿ ಕೋನದ ತಪ್ಪು ಎರಡೂ ಕಡೆ ವಾಲಲ್ಲ, ಒಂದೇ ಕಡೆ ವಾಲುತ್ತೆ. ಪಕ್ಕದಲ್ಲಿ ನಿಂತು ಅಳೆದವನಿಗೆ ಚೆಂಡು ಇದ್ದದ್ದಕ್ಕಿಂತ ನಿಧಾನವಾಗಿ ಕಾಣಬಹುದು, ಜೋರಾಗಿ ಮಾತ್ರ ಕಾಣಲ್ಲ.

ಅಣ್ಣ ತಕ್ಷಣ ಹಿಡಕೊಂಡರು. "ಹಾಗಾದ್ರೆ ನಿಜವಾದ ಸ್ಪೀಡ್ ಎಷ್ಟು?"

ಗ್ಯಾಲರಿ ಚೆಂಡಿನ ಗೆರೆಯಿಂದ ಒಂದು ಹದಿನೈದು ಅಡಿ ಪಕ್ಕಕ್ಕಿತ್ತು. ಅಂದರೆ 14 ಡಿಗ್ರಿ. ಮೊಬೈಲ್ ತೆಗೆದು ಒತ್ತಿದೆ. 87 ಭಾಗಿಸು 0.97. ಬಂದದ್ದು 89.7.

"90 ಅಂತ ಬರಿ" ಅಂದರು ಅಣ್ಣ. "ಸುಳ್ಳು ಹೇಳು ಅಂತಿಲ್ಲ ನಾನು. ನೀನೇ ಲೆಕ್ಕ ಮಾಡಿದ್ದಲ್ವಾ?"

ನಾನು ಬರೀಲಿಲ್ಲ, ಬರೆಯಲ್ಲ ಅಂತಲೂ ಹೇಳಲಿಲ್ಲ. "ಮುಂದಿನ ಶನಿವಾರ ಸರಿಯಾಗಿ ನೋಡೋಣ ಅಣ್ಣಾ" ಅಂತ ಜಾರಿಕೊಂಡೆ. ಆದರೆ ಆ ವಾರವೆಲ್ಲ ಪ್ರಶ್ನೆ ತಲೇಲಿ ಕೊರೀತಾ ಇತ್ತು. ಯಂತ್ರ ಕಡಿಮೆ ತೋರಿಸುತ್ತೆ ಅಂತ ಗೊತ್ತಿದ್ದೂ 87 ಬರೆಯೋದು ಪ್ರಾಮಾಣಿಕತೆಯಾ? ಇಲ್ಲ, ಲೆಕ್ಕ ಹಾಕಿ 90 ಬರೆಯೋದಾ?

ಕೂತು ಓದೋಕೆ ಶುರು ಮಾಡಿದೆ. ಓದ್ತಾ ಹೋದ ಹಾಗೆ 'ನಿಜವಾದ ವೇಗ' ಅನ್ನೋ ಮಾತೇ ಅಲ್ಲಾಡೋಕೆ ಶುರುವಾಯ್ತು. ಕೈಬಿಟ್ಟ ಚೆಂಡು ಗಾಳಿಯ ತಡೆಗೆ ನಿಧಾನ ಆಗ್ತಾ ಹೋಗುತ್ತೆ. ಕೈಯಿಂದ 90ರಲ್ಲಿ ಹೊರಟದ್ದು ಬ್ಯಾಟಿನ ಹತ್ತಿರ ಬರೋ ಹೊತ್ತಿಗೆ 83ರ ಆಸುಪಾಸು ಇರುತ್ತೆ. ಹಾಗಾದರೆ ಅದರ ವೇಗ 90 ಅನ್ನಬೇಕೋ 83 ಅನ್ನಬೇಕೋ? ಎರಡೂ ನಿಜ. 1974ರಲ್ಲಿ ನೋಲನ್ ರಯಾನ್ ಎಸೆದ ಚೆಂಡನ್ನ ಅಳೆದು 100.9 ಅಂದರು. ಅಳೆದದ್ದು ಚೆಂಡು ಬ್ಯಾಟ್ಸ್‌ಮನ್ ಹತ್ತಿರ ಬಂದ ಮೇಲೆ. 2010ರಲ್ಲಿ ಅರೋಲ್ಡಿಸ್ ಚಾಪ್ಮನ್ 105.1 ಎಸೆದಾಗ ಅದು ಹೊಸ ದಾಖಲೆ. ಆಗ ಅಳೆದದ್ದು ಚೆಂಡು ಕೈಬಿಟ್ಟ ಸ್ವಲ್ಪ ಹೊತ್ತಿಗೇ. 'ಫಾಸ್ಟ್‌ಬಾಲ್' ಅನ್ನೋ ಸಾಕ್ಷ್ಯಚಿತ್ರದಲ್ಲಿ ರಯಾನ್ ಚೆಂಡನ್ನ ಇವತ್ತಿನ ಪದ್ಧತಿಗೆ ತಂದು ಲೆಕ್ಕ ಹಾಕಿದರೆ ಬಂದದ್ದು 108.5! 2017ರಲ್ಲಿ ಅಮೆರಿಕದ ಮೇಜರ್ ಲೀಗ್‌ನವರು ಅಳೆಯೋ ಜಾಗವನ್ನ ಪ್ಲೇಟಿನಿಂದ 50 ಅಡಿ ದೂರದ ಗೆರೆಯಿಂದ ಕೈಬಿಡೋ ಜಾಗಕ್ಕೇ ಬದಲಾಯಿಸಿದರು. ಯಾರ ತೋಳಿಗೂ ಹೊಸ ಬಲ ಬರದೆ, ಎಲ್ಲರ ವೇಗವೂ ಹೆಚ್ಚು ಕಡಿಮೆ ಒಂದು ಮೈಲಿ ಏರಿತು.

ಇನ್ನೊಬ್ಬನ ಕತೆ ಓದಿ ಮಾತ್ರ ಪುಸ್ತಕ ಮುಚ್ಚಿದ ಹಾಗೆ ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ಸ್ಟೀವ್ ಡಾಲ್ಕೊವ್ಸ್ಕಿ ಅಂತ. ನೋಡಿದವರೆಲ್ಲ ಇವನಷ್ಟು ಜೋರಾಗಿ ಎಸೆದವರನ್ನ ಕಂಡೇ ಇಲ್ಲ ಅಂತಿದ್ದರಂತೆ. 1958ರಲ್ಲಿ ಅವನನ್ನ ಮೇರಿಲ್ಯಾಂಡಿನ ಅಬರ್ಡೀನ್‌ನಲ್ಲಿದ್ದ ಸೈನ್ಯದ ಪರೀಕ್ಷಾ ಕೇಂದ್ರಕ್ಕೆ ಕರಕೊಂಡು ಹೋಗಿ ಅಳೆದರು. ಹಿಂದಿನ ದಿನವಷ್ಟೇ ಪಂದ್ಯ ಆಡಿ ದಣಿದಿದ್ದ. ಅಲ್ಲಿ ದಿಬ್ಬ ಇರಲಿಲ್ಲ, ಸಮ ನೆಲದ ಮೇಲೆ ನಿಂತು ಎಸೀಬೇಕಿತ್ತು. ಅವನಿಗೆ ಗುರಿ ಮೊದಲೇ ನಿಲ್ತಿರಲಿಲ್ಲ. ಯಂತ್ರ ಹಿಡಿಯೋ ಸಣ್ಣ ಜಾಗದೊಳಗೆ ಚೆಂಡು ತೂರಿಸೋಕೆ ಸುಮಾರು ನಲವತ್ತು ನಿಮಿಷ ಎಸೆದ. ಬಂದದ್ದು 93.5. ಮೇಜರ್ ಲೀಗ್ ಪಂದ್ಯವೊಂದರಲ್ಲಿ ಎಸೆಯೋ ಭಾಗ್ಯ ಅವನಿಗೆ ಕೊನೆಗೂ ಬರಲಿಲ್ಲ. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಸರಿ. ಆದರೂ ಅವನ ಹೆಸರಿನ ಮುಂದೆ ಉಳಿದ ಅಳತೆ ಅಂದರೆ ಆ ದಣಿದ ದಿನದ್ದು.

ಇದನ್ನ ಓದುವಾಗ ನನಗೆ ನೆನಪಾದದ್ದು ನಮ್ಮೂರ ಡೈರಿ.

ನಮ್ಮ ಮನೆ ಡೈರಿಯಿಂದ ನಾಲ್ಕನೇ ಮನೆ. ಅಪ್ಪ ಬೆಳಗ್ಗೆ ಹಾಲು ಕರೆದು, ನೊರೆ ಆರೋ ಮೊದಲೇ ಕ್ಯಾನ್ ತಗೊಂಡು ಹೋಗಿ ಸಾಲಲ್ಲಿ ಮೊದಲು ನಿಲ್ತಿದ್ದರು. ಅಲ್ಲಿ ಹಾಲಿಗೆ ಲ್ಯಾಕ್ಟೋಮೀಟರ್ ಬಿಡ್ತಿದ್ದರು. ಗಾಜಿನ ಬುರುಡೆ ಎಷ್ಟು ಮುಳುಗುತ್ತೆ ಅನ್ನೋದರ ಮೇಲೆ ಹಾಲು ಗಟ್ಟಿಯೋ ನೀರೋ ಅಂತ ತೀರ್ಮಾನ. ನಾನು ಆರನೇ ಕ್ಲಾಸಲ್ಲಿದ್ದಾಗ ಒಂದಷ್ಟು ದಿನ ಅಪ್ಪನ ಹಾಲು ದಿನಾ 26 ತೋರಿಸ್ತಿತ್ತು. 28 ಇರಬೇಕಿತ್ತು. ಒಂದು ದಿನ ಸಾಲಲ್ಲಿದ್ದ ಎಲ್ಲರ ಎದುರಿಗೆ ಅಲ್ಲಿದ್ದವರು, "ಏನ್ ಗೌಡ್ರೇ, ಬಾವಿ ಮನೆ ಹತ್ರಾನೇ ಐತೇನೋ" ಅಂದರು. ಎಲ್ಲರೂ ನಕ್ಕರು. ಅಪ್ಪ ಏನೂ ಅನ್ನಲಿಲ್ಲ. ಮನೆಗೆ ಬಂದು ಕ್ಯಾನ್ ತೊಳೆದಿಟ್ಟು, ತಿಂಡಿ ತಿನ್ನದೆ ತೋಟಕ್ಕೆ ಹೋದರು.

ಕೆಲವು ವಾರದ ಮೇಲೆ ತಪಾಸಣೆಗೆ ಬಂದಿದ್ದ ಸೂಪರ್‌ವೈಸರ್ ಒಬ್ಬರು ಹಾಲಿಗೆ ಥರ್ಮಾಮೀಟರ್ ಅದ್ದಿ ನೋಡಿ, "ಇದಿನ್ನೂ ಬೆಚ್ಚಗಿದೆಯಲ್ರೀ, ಆರಲಿ ತಡೀರಿ" ಅಂದರಂತೆ. ಬಿಸಿ ಹಾಲು ತೆಳು, ಬುರುಡೆ ಹೆಚ್ಚು ಮುಳುಗುತ್ತೆ. ನೀರು ಬೆರೆಸಿದರೂ ಮೀಟರ್ ಕಡಿಮೆ ತೋರಿಸುತ್ತೆ, ಹಾಲು ಬೆಚ್ಚಗಿದ್ದರೂ ಕಡಿಮೆ ತೋರಿಸುತ್ತೆ. ಯಾವುದರಿಂದ ಅಂತ ಹೇಳೋಕೆ ಅದಕ್ಕೆ ಬಾಯಿಲ್ಲ. ಆರಿದ ಮೇಲೆ ಅಪ್ಪನ ಹಾಲು 28 ತೋರಿಸ್ತು. ಎಲ್ಲರಿಗಿಂತ ಮೊದಲು ತಾಜಾ ಹಾಲು ತಂದದ್ದೇ ಅಪ್ಪನ ತಪ್ಪಾಗಿತ್ತು. ಸಾಲಲ್ಲಿ ನಕ್ಕವರು ಯಾರೂ ವಾಪಸ್ ಬಂದು ಏನೂ ಹೇಳಲಿಲ್ಲ.

ಲ್ಯಾಕ್ಟೋಮೀಟರ್ ಸುಳ್ಳು ಹೇಳಿರಲಿಲ್ಲ. ನನ್ನ ರಾಡಾರ್ ಗನ್ನೂ ಅಷ್ಟೇ. ಅದರ ಜೊತೆ ಒಂದು ಟ್ಯೂನಿಂಗ್ ಫೋರ್ಕ್ ಕೊಟ್ಟಿರ್ತಾರೆ. ಅದನ್ನ ತಟ್ಟಿ ಗನ್ ಮುಂದೆ ಹಿಡಿದರೆ, ಫೋರ್ಕ್ ಮೇಲೆ ಕೆತ್ತಿದ ನಂಬರೇ ಪರದೆ ಮೇಲೆ ಬರಬೇಕು. ಪ್ರತಿ ಸಲ ಸರಿಯಾಗಿ ಬರ್ತಿತ್ತು. ಯಂತ್ರ ಸರಿಯಿದೆಯಾ ಅಂತ ಪರೀಕ್ಷೆ ಮಾಡೋಕೆ ಫೋರ್ಕ್ ಇದೆ. ಹಿಡಿದವನು ಸರಿಯಾದ ಜಾಗದಲ್ಲಿದಾನಾ ಅಂತ ನೋಡೋಕೆ ಏನೂ ಇಲ್ಲ.

2022ರಲ್ಲಿ ಐರ್ಲೆಂಡಿನ ಟಿ20 ಪಂದ್ಯದಲ್ಲಿ ಭುವನೇಶ್ವರ್ ಕುಮಾರ್ ಚೆಂಡಿಗೆ ಟಿವಿ 208 ಕಿಲೋಮೀಟರ್ ತೋರಿಸಿದಾಗ ನಾವೆಲ್ಲ ಮೀಮ್ ಮಾಡಿ ನಕ್ಕಿದ್ದೆವು. ಅಂಥ ತಪ್ಪಿಂದ ಯಾರಿಗೂ ತೊಂದರೆಯಿಲ್ಲ, ಯಾರೂ ನಂಬಲ್ಲವಲ್ಲ. ಅಪಾಯ ಇರೋದು 87, 26 ಥರದ ತಪ್ಪಲ್ಲಿ. ನೋಡೋಕೆ ಸರಿಯಾಗೇ ಕಾಣುತ್ತೆ.

ಇನ್ನು ಹೇಳಬೇಕಾದ್ದು ನನ್ನದೇ ವಿಷಯ. ಹೇಳೋಕೆ ಅಷ್ಟು ಹಿತವಾಗಿಲ್ಲ.

ಅದೇ ಏಪ್ರಿಲ್‌ನಲ್ಲಿ ನಮ್ಮ ಕಂಪನಿಯ ಅಪ್ರೈಸಲ್. ಬೆಂಗಳೂರಲ್ಲಿದ್ದ ಏಳು ಜನರಿಗೆ ನಾನು ಒಹಾಯೋದಲ್ಲಿ ಕೂತು ರೇಟಿಂಗ್ ಕೊಡಬೇಕಿತ್ತು. ಅವರಲ್ಲಿ ಕೊಪ್ಪಳದ ಕಡೆಯ ಒಬ್ಬ ಹುಡುಗಿ. ನಾನು ಅವಳನ್ನ ನೋಡ್ತಿದ್ದದ್ದು ದಿನಕ್ಕೆ ಅರ್ಧ ಗಂಟೆ, ಕಾಲ್‌ನಲ್ಲಿ. ನನಗದು ಬೆಳಗ್ಗೆ, ಅವಳಿಗೆ ಸಂಜೆ. ಇಂಗ್ಲಿಷಲ್ಲಿ ತಡವರಿಸ್ತಾ ಎರಡು ವಾಕ್ಯ ಹೇಳಿ ಮ್ಯೂಟ್ ಮಾಡ್ಕೊಳ್ತಿದ್ದಳು. ಪಕ್ಕದವನು ಹತ್ತು ನಿಮಿಷ ಮಾತಾಡ್ತಿದ್ದ. ಐದಕ್ಕೆ ಅವನಿಗೆ ನಾಲ್ಕು ಕೊಟ್ಟೆ, ಅವಳಿಗೆ ಎರಡು. ಕಾರಣದ ಕಾಲಂನಲ್ಲಿ 'ಇನಿಶಿಯೇಟಿವ್ ಕಡಿಮೆ' ಅಂತ ಬರೆದೆ. ಅವಳು ವಾದ ಮಾಡಲಿಲ್ಲ. ಜೂನ್‌ನಲ್ಲಿ ರಾಜೀನಾಮೆ ಕೊಟ್ಟು ಹೋದಳು.

ಜುಲೈನಲ್ಲಿ ರಾತ್ರಿ ಹೊತ್ತು ಪ್ರೊಡಕ್ಷನ್ ಬೀಳೋಕೆ ಶುರುವಾಯ್ತು. ಹಳೇ ಟಿಕೆಟ್‌ಗಳನ್ನ ತೆಗೆದು ನೋಡಿದರೆ, ಹಿಂದಿನ ವರ್ಷವೆಲ್ಲ ಆ ತೊಂದರೆಗಳು ಬರ್ತಲೇ ಇದ್ದವು. ನಮ್ಮವರೆಗೆ ಬಂದು ಮುಟ್ಟುವ ಮೊದಲೇ ರಾತ್ರಿ ಎರಡು, ಮೂರು ಗಂಟೆಗೆ ಅವಳು ಸರಿಮಾಡಿ ಮುಚ್ಚಿಬಿಡ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ನಾನು ನಿಂತ ಜಾಗದಿಂದ ಅದು ಕಾಣ್ತಿರಲಿಲ್ಲ. ಹಾಲು ಬೆಚ್ಚಗಿದೆಯಾ ಅಂತ ಮುಟ್ಟಿ ನೋಡದೆ 26 ಬರೆದುಕೊಂಡವರ ಹಾಗೆ ನಾನೂ ಎರಡು ಬರೆದುಕೊಂಡಿದ್ದೆ. ಡೈರಿಯವರ ಮೇಲೆ ಇಪ್ಪತ್ತು ವರ್ಷ ಸಿಟ್ಟು ಇಟ್ಕೊಂಡಿದ್ದವನು ನಾನೇ.

ಸರಿ, ಹಾಗಾದರೆ ಪಕ್ಕದಲ್ಲಿ ನಿಂತಿದ್ದೀನಿ ಅಂತ ಗೊತ್ತಾದಾಗ ಒಂದಷ್ಟು ಸೇರಿಸಿ ಕೊಟ್ಟುಬಿಟ್ಟರೆ ನ್ಯಾಯ ಆಗುತ್ತಾ? ಅಣ್ಣ ಕೇಳಿದ್ದೂ ಅದೇ ಅಲ್ವಾ? ಅದಕ್ಕೆ ಉತ್ತರ ಸಿಕ್ಕಿದ್ದು ಮುಂದಿನ ಶನಿವಾರ.

ಆ ದಿನ ಗ್ಯಾಲರಿ ಬಿಟ್ಟು, ಕ್ಯಾಚರ್ ಹಿಂದಿನ ಬಲೆಗೆ ಆತುಕೊಂಡು, ಚೆಂಡು ಬರೋ ದಾರಿಗೆ ನೇರವಾಗಿ ನಿಂತೆ. ಅಲ್ಲಿ ನಿಲ್ಲೋದು ಹಿತವಲ್ಲ. ಬಲೆ ಇದ್ದರೂ ಪ್ರತಿ ಚೆಂಡಿಗೂ ಕಣ್ಣು ಮುಚ್ಚಿಹೋಗುತ್ತೆ. ಗನ್ ತೋರಿಸಿದ್ದು 88. ಮತ್ತೆ 88. ಒಂದು ಸಲ 87. ಅವತ್ತಿನ ನನ್ನ 14 ಡಿಗ್ರಿ ಅಂದಾಜೇ ತಪ್ಪಿತ್ತೋ, ಅಥವಾ ಇವತ್ತು ಹುಡುಗನೇ ಸ್ವಲ್ಪ ನಿಧಾನ ಇದ್ದನೋ, ಹೇಳೋಕಾಗಲ್ಲ. ಕ್ಯಾಲ್ಕ್ಯುಲೇಟರ್ ಮಾತ್ರ ದಶಾಂಶದವರೆಗೆ 89.7 ಅಂತ ಹೇಳಿತ್ತು. ನಾನು ಅದಕ್ಕೆ ಕೊಟ್ಟ ಕೋನ ಕಣ್ಣಳತೆಯದ್ದು. ಅದೂ ಅಣ್ಣನ ಸಪ್ಪೆ ಮುಖ ನೋಡಿ ಹಾಕಿದ ಕಣ್ಣಳತೆ. ಬೇಕಾದ ಉತ್ತರ ಮೊದಲೇ ಗೊತ್ತಿದ್ದರೆ, ಅದಕ್ಕೆ ಹೊಂದೋ ಕೋನ ಸಿಕ್ಕೇ ಸಿಗುತ್ತೆ.

ಆದರೆ ಆ ದಿನ ನಾನು ಇನ್ನೊಂದನ್ನ ನೋಡಿದೆ. ಗ್ಯಾಲರಿಯಲ್ಲಿದ್ದಾಗ ಹುಡುಗನಿಗೆ ನಾನು ಕಾಣ್ತಿರಲಿಲ್ಲ. ಈಗ ನೇರ ಎದುರಿಗಿದ್ದೆ. ಪ್ರತಿ ಚೆಂಡು ಎಸೆದ ಮೇಲೆ ಅವನು ಬ್ಯಾಟ್ ಹಿಡಿದವನನ್ನ ಬಿಟ್ಟು ನನ್ನ ಮುಖ ನೋಡ್ತಿದ್ದ. ನಾನು ಬೆರಳಲ್ಲಿ ಎಂಟು, ಎಂಟು ಅಂತ ತೋರಿಸಿದರೆ ಹಲ್ಲು ಕಚ್ಚಿ ಮುಂದಿನದನ್ನ ಇನ್ನೂ ಜೋರಾಗಿ ಎಸೀತಿದ್ದ. ಐದನೇ ಇನ್ನಿಂಗ್ಸ್‌ನಲ್ಲಿ ಮೊಣಕೈ ಎರಡು ಸಲ ಝಾಡಿಸಿದ. ನಾನು ನೋಡಿದೆ. ನೋಡಿಯೂ ಬೆರಳು ತೋರಿಸೋದು ನಿಲ್ಲಿಸಲಿಲ್ಲ. ಸೋಮವಾರ ಡಾಕ್ಟರು, ಲಿಗಮೆಂಟ್ ಎಳೆದಿದೆ, ಆರು ವಾರ ಚೆಂಡು ಮುಟ್ಟಬೇಡ ಅಂದರು.

ಬೇಸ್‌ಬಾಲ್‌ನಲ್ಲಿ ಇದೊಂದು ದೊಡ್ಡ ಕತೆಯೇ. 1974ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಕೋಚ್ ಡ್ಯಾನಿ ಲಿಟ್‌ವೈಲರ್, ಕ್ಯಾಂಪಸ್ ಪೊಲೀಸರು ಕಾರುಗಳಿಗೆ ಹಿಡೀತಿದ್ದ ರಾಡಾರನ್ನ ಚೆಂಡಿಗೆ ಹಿಡಿದು ನೋಡಿದರು. ಗನ್ ಮೈದಾನಕ್ಕೆ ಬಂದದ್ದು ಹಾಗೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಡಾಕ್ಟರ್ ಫ್ರಾಂಕ್ ಜೋಬ್, ಟಾಮಿ ಜಾನ್ ಅನ್ನೋ ಪಿಚರ್‌ನ ಮೊಣಕೈಗೆ ಬೇರೆ ಕಡೆಯ ಸ್ನಾಯುರಜ್ಜು ಹೊಲಿದರು. ಎರಡೂ ಒಂದೇ ವರ್ಷ ಆದದ್ದು ಕಾಕತಾಳೀಯ. ಆಮೇಲೆ ಅವೆರಡೂ ಜೊತೆಜೊತೆಗೇ ಬೆಳೆದದ್ದನ್ನ ಹಾಗನ್ನೋಕಾಗಲ್ಲ. ಮೇಜರ್ ಲೀಗ್ 2024ರ ಡಿಸೆಂಬರ್‌ನಲ್ಲಿ ಹೊರತಂದ ವರದಿಯ ಪ್ರಕಾರ ಫಾಸ್ಟ್‌ಬಾಲ್‌ನ ಸರಾಸರಿ ವೇಗ 2008ರಲ್ಲಿ 91.3 ಇದ್ದದ್ದು 2024ಕ್ಕೆ 94.2 ಆಗಿದೆ. ಅಳೆಯೋ ಜಾಗ ಬದಲಾದದ್ದನ್ನ ಕಳೆದರೂ ಏರಿಕೆ ಏರಿಕೆಯೇ. ಹೆಚ್ಚುತ್ತಿರೋ ತೋಳಿನ ಗಾಯಗಳಿಗೆ ಈ ವೇಗದ ಬೆನ್ನು ಹತ್ತಿದ್ದೇ ಮುಖ್ಯ ಕಾರಣಗಳಲ್ಲೊಂದು ಅಂತ ಆ ವರದಿಯೇ ಹೇಳುತ್ತೆ. 355 ಪಂದ್ಯ ಗೆದ್ದ ಗ್ರೆಗ್ ಮ್ಯಾಡಕ್ಸ್ ವೇಗಕ್ಕೆ ಹೆಸರಾದವನೇ ಅಲ್ಲ. ಚೆಂಡನ್ನ ಎಲ್ಲಿ ಹಾಕಬೇಕು ಅಂತ ಅವನಿಗೆ ಗೊತ್ತಿತ್ತು. ಅದನ್ನ ಹೇಳೋ ನಂಬರ್ ರಾಡಾರ್ ಗನ್ನಲ್ಲಿ ಇಲ್ಲ.

ಹಾಗಂತ ಅಳೆಯೋದೇ ಬೇಡ ಅನ್ನೋ ಮಾತನ್ನ ನಾನು ಒಪ್ಪಲ್ಲ. ಅಳತೆ ಇಲ್ಲದಿದ್ದರೆ ಕೋಚ್‌ಗೆ ಬೇಕಾದವನ ಮಗ ಆಯ್ಕೆ ಆಗ್ತಾನೆ, ಡೈರಿಯಲ್ಲಿ ದೊಡ್ಡವರ ಹಾಲು ಗಟ್ಟಿ ಅನ್ನಿಸಿಕೊಳ್ಳುತ್ತೆ. ಹಳ್ಳಿಯಿಂದ ಬಂದ ನನ್ನಂಥವನನ್ನ ಬಿಇ ಸೀಟಿಗೆ ತಂದು ನಿಲ್ಲಿಸಿದ್ದೂ ಸಿಇಟಿಯ ಒಂದು ನಂಬರೇ. ನಂಬರಿನ ಋಣ ನನ್ನ ಮೇಲಿದೆ.

ನನಗೆ ಅರ್ಥವಾದದ್ದು ಇಷ್ಟು. ಪಕ್ಕದಲ್ಲಿ ಕೂತು ಅಳೆದು, ಆಮೇಲೆ ಲೆಕ್ಕದಲ್ಲಿ ಸರಿಮಾಡ್ತೀನಿ ಅನ್ನೋದು ನಡೆಯಲ್ಲ. ಕರುಣೆಯಿಂದ ಸೇರಿಸಿದ ಮೂರು ಮೈಲಿಯೂ, ಸೋಮಾರಿತನದಿಂದ ಕಳೆದ ಮೂರು ಮೈಲಿಯೂ ಒಂದೇ ಜಾತಿಯವು, ಎರಡೂ ಕೂತಲ್ಲಿಂದಲೇ ಹುಟ್ಟಿದವು. ಎದ್ದು ಹೋಗಿ ನೇರ ನಿಲ್ಲಬೇಕು. ಅದಾಗದಿದ್ದರೆ, ನಂಬರ್ ಜೊತೆಗೆ ಎಲ್ಲಿ ನಿಂತಿದ್ದೆ ಅಂತಲೂ ಬರೆಯಬೇಕು. ನೇರ ನಿಂತ ಮೇಲೂ, ನನ್ನ ಬೆರಳು ನೋಡ್ತಾ ಎದುರಿಗಿರೋನು ತನ್ನ ತೋಳಿಗೆ ಏನು ಮಾಡ್ಕೊಳ್ತಿದಾನೆ ಅಂತ ಗಮನ ಇರಬೇಕು. ಅಳೆಯೋ ಅಧಿಕಾರದ ಜೊತೆ ಈ ಮೂರೂ ಬರುತ್ತವೆ.

ಅಣ್ಣ ಕೊನೆಗೆ ಕೋಚ್‌ಗಳಿಗೆ '88, ಪ್ಲೇಟಿನ ಹಿಂದಿನಿಂದ' ಅಂತಲೇ ಕಳಿಸಿದರು. ನನ್ನ ಮೇಲೆ ಸ್ವಲ್ಪ ದಿನ ಬೇಜಾರಿತ್ತು, ಊಟಕ್ಕೆ ಕರೀಲಿಲ್ಲ. ಹುಡುಗ ಈಗ ಒಂದು ಸಣ್ಣ ಕಾಲೇಜಲ್ಲಿ ಆಡ್ತಿದಾನೆ. ಸ್ಕಾಲರ್‌ಶಿಪ್ ಇಲ್ಲ, ಮೊಣಕೈ ಇದೆ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಈ ಸಲದ ಅಪ್ರೈಸಲ್‌ಗೆ ಒಬ್ಬೊಬ್ಬರ ಪಕ್ಕ ಅರ್ಧ ದಿನ ಕೂತೆ, ವರ್ಷದ ಟಿಕೆಟ್‌ಗಳನ್ನೆಲ್ಲ ತೆಗೆದು ಓದಿದೆ. ಎರಡು ವಾರ ಹಿಡೀತು. ಆಗ ಆ ಹುಡುಗಿಗೂ ಒಂದು ಮೆಸೇಜ್ ಹಾಕಿದೆ. ನಾನು ಕೊಟ್ಟ ರೇಟಿಂಗ್ ತಪ್ಪು, ನಿನ್ನ ರಾತ್ರಿಯ ಕೆಲಸ ನಾನು ನೋಡಿರಲಿಲ್ಲ, ಕ್ಷಮಿಸು ಅಂತ. ಎರಡು ದಿನ ಬಿಟ್ಟು ಉತ್ತರ ಬಂತು.

"ಪರವಾಗಿಲ್ಲ ಸರ್. ಆಗಲೇ ಒಂದು ಮಾತು ಕೇಳಿದ್ದರೆ ಹೇಳ್ತಿದ್ದೆ."

ಅದಕ್ಕೆ ಏನು ಬರೆಯಬೇಕು ಅಂತ ನನಗಿನ್ನೂ ಹೊಳೆದಿಲ್ಲ.